ಮುದ್ದೆ ತಿರುವುವ ಹೊತ್ತಿನ ತಲೆನೋವು

ನನ್ನ ತಲೆನೋವಿಗೆ ಹೊತ್ತು ಗೊತ್ತು ಇತ್ತು. ಯುಗಾದಿ ಆಸುಪಾಸಿನಲ್ಲಿ ಶುರುವಾದರೆ ತಿಂಗಳೊಪ್ಪತ್ತು ಬಿಡುತ್ತಿರಲಿಲ್ಲ. ದಿನಾ ಸಂಜೆ, ಒಲೆಯ ಮೇಲೆ ಎಸರು ಕುದಿಯುವ ಹೊತ್ತಿಗೆ ಸರಿಯಾಗಿ, ಬಲಗಣ್ಣಿನ ಹಿಂದೆ ದಬ್ಬಳ ಚುಚ್ಚಿ ತಿರುವಿದ ಹಾಗಾಗುತ್ತಿತ್ತು. ಆ ಒಂದು ಕಣ್ಣಲ್ಲಿ ಮಾತ್ರ ನೀರು. ಅದೇ ಕಡೆಯ ಹೊಳ್ಳೆ ಮಾತ್ರ ಕಟ್ಟಿಕೊಳ್ಳುವುದು. ಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಡುತ್ತಿದ್ದೆ. ಮುಕ್ಕಾಲು ಗಂಟೆಯ ಮೇಲೆ, ಏನೂ ಆಗಿಲ್ಲವೆಂಬಂತೆ ನೋವು ಹೊರಟುಹೋಗುತ್ತಿತ್ತು. ಅಷ್ಟರಲ್ಲಿ ಅತ್ತೆ ಮುದ್ದೆ ತಿರುವಿ, ಕಟ್ಟಿ, ತಟ್ಟೆಗೆ ಹಾಕಿ ಮುಗಿಸಿರುತ್ತಿದ್ದರು.

ಅದೇ ನನ್ನ ಗ್ರಹಚಾರ. ಎಪ್ಪತ್ತರ ದಶಕದ ಆ ವರ್ಷ ನಾನು ಮಾಡದಕೆರೆ ಕಡೆಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಅತ್ತೆ ನನಗೆ ಕೇಳುವಷ್ಟು ಜೋರಾಗಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದರು: “ದಿನಾನೂ ಇಸ್ಕೂಲಲ್ಲಿ ಮಕ್ಳ ಮುಂದೆ ಕಿರುಚ್ತಾಳೆ, ಅವಾಗ ಬರಲ್ಲ. ಮುದ್ದೆ ಕೋಲು ಕಂಡ್ರೆ ಸಾಕು, ತಲೆನೋವು ಬಂದ್ಬಿಡ್ತೈತೆ. ಕುಣಿಯಾಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ!”

ನನಗೆ ಮೈಯೆಲ್ಲ ಉರಿಯುತ್ತಿತ್ತು. ಹತ್ತು ಜನರ ಮುದ್ದೆಯನ್ನು ಒಂದು ಗಂಟಿಲ್ಲದೆ ತಿರುವಬಲ್ಲವಳು ನಾನು. ಹಾಗೆಂದು ಅತ್ತೆ ಕೆಟ್ಟವರೇನಲ್ಲ. ಹಣೆಗೆ ಶುಂಠಿ ತೇಯ್ದು ಹಚ್ಚುತ್ತಿದ್ದರು, ದೃಷ್ಟಿ ತೆಗೆಯುತ್ತಿದ್ದರು. ಆದರೆ ನಂಬುತ್ತಿರಲಿಲ್ಲ. ನೋವನ್ನಾದರೂ ತಡೆದುಕೊಳ್ಳಬಹುದಿತ್ತು, ಕೆಲಸಗಳ್ಳಿ ಅನ್ನಿಸಿಕೊಳ್ಳುವುದನ್ನು ತಡೆಯಲಾಗುತ್ತಿರಲಿಲ್ಲ.

ಕೊನೆಗೆ ನನ್ನ ಗಂಡ ಒಂದು ಶನಿವಾರ ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹತ್ತಿಸಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಮೂಗು ಗಂಟಲು ನೋಡುವ ಡಾಕ್ಟರು ಎಲ್ಲ ಕೇಳಿ, ಒಂದು ಚೀಟಿ ಬರೆದು, ಕೆಳಗಿನ ಔಷಧಿ ಅಂಗಡಿಗೆ ಕಳಿಸಿದರು. ಅಲ್ಲಿನ ಕಾಂಪೌಂಡರು ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿದರು.

“ಇದು ರೆಡಿಮೇಡ್ ಬರಲ್ಲ ಟೀಚರಮ್ಮ. ಕುಂತ್ಕಳ್ರಿ, ಮಾಡ್ಕೊಡ್ತೀನಿ. ಹಲ್ಲು ಕೀಳ್ವಾಗ ಮರಗಟ್ಟಿಸ್ತಾರಲ್ಲ, ಅದೇ ಜಾತಿ ಔಷಧ.”

ಸಣ್ಣ ತಕ್ಕಡಿಯಲ್ಲಿ ಬಿಳೀ ಪುಡಿ ತೂಗಿದರು. ಕುದಿಸಿ ಆರಿಸಿದ ನೀರಿಗೆ ಹಾಕಿ ಗಾಜಿನ ಕಡ್ಡಿಯಿಂದ ಕಲಕಿದರು. ಮೂಗು ಉರಿಯದಿರಲೆಂದು ಚೂರು ಉಪ್ಪು ಸೇರಿಸಿದರು. ಆಮೇಲೆ ಶೋಧಿಸಿ, ಕಂದು ಸೀಸೆಗೆ ಸುರಿದು, ಸೆಂಟಿನ ಬಾಟಲಿಗಿರುವಂಥ ರಬ್ಬರ್ ಬುಗ್ಗೆಯ ಮುಚ್ಚಳ ತಿರುಗಿಸಿದರು. ನನ್ನ ನಾಲಿಗೆಗೆ ಒಂದು ತೊಟ್ಟು ಬಿಟ್ಟರು. ಮೊದಲು ಕಹಿ, ಆಮೇಲೆ ನಾಲಿಗೆಯೇ ನನ್ನದಲ್ಲ.

“ಮಂಚದಿಂದ ತಲೆ ಹಿಂದಕ್ಕೆ ಇಳಿಬಿಟ್ಟು ಮಲಗ್ರಿ, ನೋವಿರೋ ಕಡೆ ಹೊಳ್ಳೆಗೆ ಎರಡೇ ಸಲ ಹೊಡ್ಕಳ್ರಿ. ಗಂಟಲಿಗೂ ಇಳೀತೈತೆ. ಜೋಮು ಬಿಡೋ ತನಕ ಏನೂ ನುಂಗ್ಬ್ಯಾಡ್ರಿ. ಮುದ್ದೆ ಅಂತೂ ಬ್ಯಾಡವೇ ಬ್ಯಾಡ. ಅಗೀದೆ ನುಂಗೋ ಜನ ನಾವು.”

ಅವತ್ತು ಸಂಜೆಯೇ ಹೊಡೆದುಕೊಂಡೆ. ಹತ್ತು ನಿಮಿಷದಲ್ಲಿ ದಬ್ಬಳದ ಮೊನೆ ಮೊಂಡಾಯಿತು. ಪೂರಾ ಹೋಗಲಿಲ್ಲ, ಆದರೆ ಗೋಡೆ ಬಿಟ್ಟು ನಿಲ್ಲುವಷ್ಟಾಯಿತು. ಖುಷಿಯಿಂದ ಒಲೆಯ ಮುಂದೆ ಹೋಗಿ ಕೋಲು ಕೈಗೆ ತೆಗೆದುಕೊಂಡೆ.

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಮೂಗಿಗೆ ಎರಡು ಸಲ ಪುಸ್ ಅನ್ಸಿದ್ರೆ ಹೋಗೋ ನೋವು, ಅದೂ ಒಂದು ನೋವೇನೇ?” ಅಂದರು.

ಔಷಧ ಹತ್ತದಿದ್ದರೂ ಕಳ್ಳಿ, ಹತ್ತಿದರೂ ಕಳ್ಳಿ. ಆ ರಾತ್ರಿ ನಾನು ಊಟ ಬಿಟ್ಟೆ.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಸ್ವಭಾವ ಅತ್ತೆಯದು. ಸೀಸೆಯಲ್ಲಿರುವುದು ಔಷಧವೋ, ನಾನು ತುಂಬಿಸಿಟ್ಟ ನೀರೋ ನೋಡಿಯೇಬಿಡೋಣವೆಂದು ಗೂಡಿನಿಂದ ಅದನ್ನು ತೆಗೆದಿದ್ದಾರೆ. ಎರಡೂ ಹೊಳ್ಳೆಗೆ ಧಾರಾಳವಾಗಿ ಹೊಡೆದುಕೊಂಡಿದ್ದಾರೆ. ರುಚಿ ತಿಳಿಯಲೆಂದು ಬಾಯಿಗೂ. ಕಹಿ ಏರಿದ್ದೇ, ಔಷಧ ಉಷ್ಣ, ಮೇಲೆ ಹೊಟ್ಟೆಗೆ ಏನಾದರೂ ಬೀಳಬೇಕು ಎಂದುಕೊಂಡು ತಟ್ಟೆಯ ಮುಂದೆ ಕೂತಿದ್ದಾರೆ. ಯಾವ ಮಾತ್ರೆ ನುಂಗಿದರೂ ಮೇಲೊಂದು ತುತ್ತು ಮುದ್ದೆ ಇಳಿಸುವುದು ನಮ್ಮ ಮನೆಯ ಪದ್ಧತಿ.

ಒಳಗೆ ತಟ್ಟೆ ಉರುಳಿದ ಸದ್ದಾಯಿತು. ಓಡಿ ಬಂದೆ. ಅತ್ತೆ ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡಿದ್ದರು. ಕಣ್ಣುಗಳು ಹೊರಗೆ ಬಂದಿದ್ದವು, ಉಸಿರಿಲ್ಲ. ಪಕ್ಕದಲ್ಲೇ ಸೀಸೆ ಇತ್ತು. ಗೊತ್ತಾಯಿತು. ಅವರನ್ನು ಮುಂದಕ್ಕೆ ಬಗ್ಗಿಸಿ, ಒಂದು ಕೈಯಲ್ಲಿ ಎದೆ ಆನಿಸಿ ಹಿಡಿದು, ಬೆನ್ನಿನ ನಡುವೆ ಗುದ್ದಿದೆ. ಜೀವ ಬಾಯಿಗೆ ಬಂದಿತ್ತು, ಅವರದೂ ನನ್ನದೂ. ಮತ್ತೆ ಮತ್ತೆ ಗುದ್ದಿದ ಮೇಲೆ ತುತ್ತು ಹಾಗೇ ಇಡಿಯಾಗಿ ನೆಲಕ್ಕೆ ಬಿತ್ತು. ಅತ್ತೆ ಕೆಮ್ಮುತ್ತ ಉಸಿರೆಳೆದುಕೊಂಡರು.

ನಾನು ಬೈದೆ. ಅತ್ತೆಯೆನ್ನುವುದನ್ನೂ ನೋಡದೆ ಬೈದೆ. “ನೀರಲ್ಲ ಅಂತ ಗೊತ್ತಾಯ್ತಾ ಈಗ? ಪ್ರಾಣ ಹೋಗಿದ್ರೆ ಏನ್ ಮಾಡ್ತಿದ್ರಿ?”

ಅವರು ಕಂಬಕ್ಕೆ ಒರಗಿ, ಜೊಲ್ಲು ಒರೆಸಿಕೊಳ್ಳುತ್ತ, ಬೆರಳಿನಿಂದ ತಮ್ಮ ತುಟಿ ಚಿವುಟಿ ನೋಡಿಕೊಂಡರು. ಮೂಗು ಚಿವುಟಿಕೊಂಡರು. ಆಮೇಲೆ, ಇನ್ನೂ ತೊದಲುತ್ತಲೇ ಕೇಳಿದರು:

“ಮೂಗು ಐತೋ ಇಲ್ವೋ ಗೊತ್ತಾಗ್ತಿಲ್ಲ, ಗಂಟಲು ಸತ್ತೇ ಹೋಗೈತೆ. ಇಂಥದ್ದು ಹೊಡ್ಕಂಡ್ರೆ ನಿಂಗೆ ನೋವು ಪೂರಾ ಹೋಗ್ತೈತೇನೇ?”

“ಇಲ್ಲ.”

“ಹಂಗಾರೆ ಅದು ಎಷ್ಟು ನೋಯ್ತಿತ್ತವ್ವ?”

ಅಷ್ಟು ದಿನ ನೋವಿಗೆಂದು ಅವರ ಮುಂದೆ ಒಮ್ಮೆಯೂ ಅಳದವಳು ನಾನು, ಆಗ ಅತ್ತುಬಿಟ್ಟೆ.

ಸಂಜೆ ಎಸರಿಡುವ ಹೊತ್ತಿಗೆ, ನಾನು ಹೇಳುವ ಮೊದಲೇ ಅತ್ತೆ ಮಂಚ ಎಳೆದು ಸೀಸೆ ತಂದರು. ನೆಲದಲ್ಲಿ ಕೂತು, ಇಳಿಬಿಟ್ಟ ನನ್ನ ತಲೆಗೆ ಎರಡೂ ಅಂಗೈ ಕೊಟ್ಟು ಹಿಡಿದು, “ಹೂಂ, ಹೊಡ್ಕ” ಅಂದರು. ನೋವು ಇಳಿಯುವ ತನಕ ಕೈ ತೆಗೆಯಲಿಲ್ಲ. ಅಡುಗೆಮನೆ ಕಡೆ ತಿರುಗಿ, “ಲೇ, ಇವತ್ತು ಮುದ್ದೆ ನೀನೇ ತಿರುವೋ” ಎಂದು ಮಗನಿಗೆ ಕೂಗಿದರು.

ಆ ಮುದ್ದೆಯಲ್ಲಿ ಬರೀ ಗಂಟು. ಅತ್ತೆ ಅದನ್ನು, ಜೀವಮಾನದಲ್ಲಿ ಮೊದಲ ಸಲ, ಅಗಿದು ತಿಂದರು.