ಮಾಲೀಕರ ಹೆಸರು

ಅಮೆರಿಕದ ಕಮ್ಮಿಂಗ್ ಊರಿನಲ್ಲಿ ನನ್ನ ಮಗನ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ ಹೋದರೆ ಒಬ್ಬ ರಷ್ಯನ್ ಹೆಂಗಸಿನ ಅಂಗಡಿಯಿದೆ. ಕಪ್ಪು ಬ್ರೆಡ್ಡು, ಉಪ್ಪುನೀರಿನಲ್ಲಿ ನೆನೆಸಿದ ಸೌತೆಕಾಯಿ, ಜೇನುತುಪ್ಪ ಮಾರುತ್ತಾಳೆ. ವಯಸ್ಸು ನನ್ನಷ್ಟೇ, ಮಾತು ನನಗಿಂತ ಒರಟು. ಕೊರೊನಾ ಇಳಿದ ಮೇಲೆ ಒಂದು ದಿನ ಅವಳಿಗೆ ನನ್ನ ಕಡಲೆಬೀಜದ ಚಟ್ನಿಪುಡಿ ರುಚಿಗೆ ಕೊಟ್ಟೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಮೇಲೆ ಪುಡಿ ಉದುರಿಸಿ ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆದರೂ ಒಂದು ಶೆಲ್ಫು ಬಿಟ್ಟುಕೊಡುತ್ತೇನೆ, ಡಬ್ಬಿ ತಂದಿಡು ಎಂದಳು.

ಮನೆಯಲ್ಲಿ ಮಾಡಿದ್ದನ್ನು ಅಂಗಡಿಯಲ್ಲಿಡಲು ಅರ್ಜಿ ತುಂಬಬೇಕಿತ್ತು. ಮುಂದಿನ ವಾರ ಮಗ ನನ್ನನ್ನೂ ಮೊಮ್ಮಗಳನ್ನೂ ಅಂಗಡಿಯಲ್ಲಿ ಬಿಟ್ಟು ಪೆಟ್ರೋಲು ಹಾಕಿಸಲು ಹೋದ. ಅವಳು ಕೌಂಟರಿನ ಮೇಲೇ ಬರೆಯಲು ಕೂತಳು.

"ಅಜ್ಜಿ, ಓನರ್ ನೇಮ್ ಕೇಳ್ತಿದೆ. ಏನ್ ಹಾಕ್ಲಿ?"

"ನಿಮ್ ತಾತಂದು ಹಾಕು."

"ತಾತ ಇಲ್ವಲ್ಲ ಅಜ್ಜಿ."

"ಗೊತ್ತು ಕಣೇ, ಪಕ್ಕದಲ್ಲಿ ನಾನೇ ಇದ್ದೆ. ಹಾಕು."

ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷ ಕಾಲೇಜು ಹುಡುಗರಿಗೆ ಮೆಸ್ ನಡೆಸಿದವಳು ನಾನು. ಹಿಟ್ಟು ರುಬ್ಬುವುದರಿಂದ ಪಾತ್ರೆ ಕವುಚುವವರೆಗೆ ಎಲ್ಲ ನನ್ನದೇ. ಬೋರ್ಡು, ಲೈಸೆನ್ಸು, ಬಾಡಿಗೆ ಕರಾರು ಮಾತ್ರ ಯಜಮಾನರ ಹೆಸರಿನಲ್ಲಿ. ಬಾಯಿಬಿಟ್ಟು ಅವರ ಹೆಸರು ಹೇಳಿದವಳಲ್ಲ. ಕಾಗದದ ಮೇಲೆ ಬರೆದು ಬರೆದು ಕೈ ಪಳಗಿಬಿಟ್ಟಿತ್ತು. ಅವರ ವೈಕುಂಠ ಸಮಾರಾಧನೆಯ ಊಟ ಮುಗಿಯುವ ಹೊತ್ತಿಗೆ ಕಟ್ಟಡದ ಮಾಲೀಕರು ಮೆಸ್ಸಿನ ಬೀಗದ ಕೈಯನ್ನು ನನ್ನ ಮೈದುನನಿಗೆ ಕೊಟ್ಟಾಗಿತ್ತು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅಷ್ಟರಲ್ಲಿ ಮಗ ವಾಪಸು ಬಂದ. ಅರ್ಜಿಯಲ್ಲಿ ತನ್ನ ಅಪ್ಪನ ಹೆಸರು ನೋಡಿ ನಕ್ಕ.

"ಏನಮ್ಮ ನೀನು. ನನ್ ಹೆಸ್ರಲ್ಲೇ ಅಪ್ಲೈ ಮಾಡ್ತೀನಿ ಬಿಡು, ಟ್ಯಾಕ್ಸ್ ಈಸಿ ಆಗತ್ತೆ. ನಿಂಗ್ಯಾಕೆ ಈ ತಲೆನೋವು?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮೈದುನನೂ ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ.

ಯಾಕೆ ನಗು ಎಂದು ಆ ಹೆಂಗಸು ಕೇಳಿದಳು. ಮೊಮ್ಮಗಳು ಹೇಳಿದಳು. ಅವಳು ನಗಲಿಲ್ಲ. ಚಾಕು ಒರೆಸಿಟ್ಟು ತನ್ನ ಮನೆಯ ಹೆಂಗಸರ ಕತೆ ಹೇಳಿದಳು. ಮೊಮ್ಮಗಳು ತುಂಡುತುಂಡಾಗಿ ಕನ್ನಡ ಮಾಡಿದಳು.

ಅವಳ ಮುತ್ತಜ್ಜಿ ನದಿ ದಂಡೆಯ ಊರಲ್ಲಿ ಹಗ್ಗ ಹೊಸೆಯುವ ಕಾರ್ಖಾನೆ ಇಟ್ಟಿದ್ದಳಂತೆ. ರಷ್ಯಾದಲ್ಲಿ ಚಕ್ರವರ್ತಿಗಳ ಕಾಲದಲ್ಲೇ, ಗಂಡ ಬದುಕಿದ್ದರೂ ಹೆಂಡತಿಯ ಆಸ್ತಿ ಹೆಂಡತಿಯದೇ ಆಗಿತ್ತಂತೆ. ಓದು ಬಾರದ ಆಕೆ ವ್ಯಾಪಾರದ ಪತ್ರಕ್ಕೆ ಶಿಲುಬೆ ಗುರುತು ಹಾಕುತ್ತಿದ್ದಳು. ಆಮೇಲೆ ಕ್ರಾಂತಿಯಾಯಿತು, ಸರ್ಕಾರ ಕಾರ್ಖಾನೆ ಕಿತ್ತುಕೊಂಡಿತು. ಕೊಂಡು ಮಾರುವುದೇ ಅಪರಾಧವಾದ ಕಾಲದಲ್ಲಿ ಅಜ್ಜಿ ಶಾಲಿನ ಒಳಗೆ ಕಾಲುಚೀಲ ಬಚ್ಚಿಟ್ಟುಕೊಂಡು ಮಾರಿದಳು. ತಾಯಿ ಪರದೆ ಎಳೆದುಕೊಂಡು ಮನೆಯಲ್ಲೇ ಬಟ್ಟೆ ಹೊಲಿದಳು. ಆ ಸರ್ಕಾರವೂ ಬಿದ್ದ ಮೇಲೆ, ಮೇಷ್ಟರ ಕೆಲಸದಲ್ಲಿದ್ದ ಇವಳು ಟರ್ಕಿಯಿಂದ ಕೋಟುಗಳ ದೊಡ್ಡ ಚೀಲಗಳನ್ನು ಹೊತ್ತು ತಂದು ಹಿಮದಲ್ಲಿ ನಿಂತು ಮಾರಿದಳು.

ನನಗೆ ತಡೆಯಲಾಗಲಿಲ್ಲ. "ಹೆಸ್ರಿದ್ದೂ ಕಾರ್ಖಾನೆ ಹೋಯ್ತಲ್ಲ, ಏನು ಬಂತು ಭಾಗ್ಯ? ಕೇಳೇ ಅವ್ಳನ್ನ."

ಮೊಮ್ಮಗಳು ಹಿಂದೆಮುಂದೆ ನೋಡಿ ಕೇಳಿದಳು. ಉತ್ತರ ಕೇಳಿಸಿಕೊಂಡು ಸ್ವಲ್ಪ ಹೊತ್ತು ಪದ ಹುಡುಕಿದಳು.

"ಕಿತ್ಕೊಳ್ಳೋಕೆ ಬಂದೋರು ಕೀ ಆ ಮುತ್ತಜ್ಜೀನೇ ಕೇಳ್ಬೇಕಾಯ್ತಂತೆ ಅಜ್ಜಿ. ಬೇರೆ ಯಾರನ್ನೂ ಕೇಳೋ ಹಾಗಿರ್ಲಿಲ್ಲ. ಅವ್ರು ತ್ರೀ ಡೇಸ್ ಕೊಡ್ಲೇ ಇಲ್ವಂತೆ."

ನಾನು ಹೊಸ ಅರ್ಜಿ ತೆಗೆಸಿದೆ. ಪೆನ್ನು ನಾನೇ ಇಸಕೊಂಡೆ.

"ಜಾಯಿಂಟಾಗಿ ನನ್ ಹೆಸ್ರೂ ಇರ್ಲಿ ಅಮ್ಮ," ಎಂದ ಮಗ.

"ಬೇಡ."

"ನನ್ ಮೇಲೆ ನಂಬಿಕೆ ಇಲ್ವಾ?"

"ಇದೆ. ಬೇಡ."

ನನ್ನ ಹೆಸರಿನ ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ಮೊಮ್ಮಗಳು ಹೇಳಿದಂತೆ ಬರೆದೆ. ಗೆರೆ ದಾಟಿ ಕೆಳಗಿಳಿಯಿತು, ಬಿಟ್ಟೆ.

ದಾರಿಯುದ್ದಕ್ಕೂ ಮಗ ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದ. ಅವನಿಗೆ ನೋವಾಗಿತ್ತು, ನನಗೆ ಗೊತ್ತಿತ್ತು. ಸಮಾಧಾನ ಹೇಳಲು ಹೋಗಲಿಲ್ಲ. ಹೇಳಲು ಬಾಯಿ ತೆರೆದಿದ್ದರೆ, ಮನೆ ಮುಟ್ಟುವುದರೊಳಗೆ ಅವನ ಹೆಸರನ್ನೂ ಸೇರಿಸಲು ಒಪ್ಪಿಬಿಡುತ್ತಿದ್ದೆ.