ಬ್ರಂಚಿಗೊಂದು ಇಳಿ

ಪ್ರೆಸ್ಸಿನಲ್ಲಿ ಅವರನ್ನು ಎಲ್ಲರೂ ಕೊಂಬಿನ ಮೇಷ್ಟ್ರು ಎನ್ನುತ್ತಿದ್ದರು. ಅವರು ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷ ಅಚ್ಚಿನ ಕರಡು ತಿದ್ದಿದವರು, ಅಷ್ಟೇ. ಯಾವ ಅಕ್ಷರದ ಕೊಂಬು ಮುರಿದಿದೆ, ಯಾವುದಕ್ಕೆ ದೀರ್ಘದ ಇಳಿ ಬಿಟ್ಟುಹೋಗಿದೆ ಎಂದು ಕೆಂಪು ಪೆನ್ನು ಹಿಡಿದು ಹುಡುಕುವುದೇ ಹೊಟ್ಟೆಪಾಡು. ನಿವೃತ್ತರಾಗಿ ಎರಡು ವರ್ಷವಾದರೂ ಆ ಪೆನ್ನು ಜೇಬು ಬಿಟ್ಟಿರಲಿಲ್ಲ. ಹೆಂಡತಿ ಬರೆದ ಸಾಮಾನಿನ ಚೀಟಿಯನ್ನು ತಿದ್ದಿ ಒಂದು ಸಲ ಬೈಸಿಕೊಂಡಿದ್ದರು. ಎರಡನೆಯ ಸಲ ತಿದ್ದಿದಾಗ ಅಂಗಡಿಗೂ ಅವರೇ ಹೋಗಬೇಕಾಯಿತು.

ಹಳೆಯ ಪ್ರೆಸ್ಸಿನವರು ನಾಲ್ಕು ಜನ ಒಂದು ಭಾನುವಾರ ಸೇರುವುದೆಂದು ಮಾತಾಯಿತು. ಪುಸ್ತಕ ಹೊಲಿಯುತ್ತಿದ್ದ ಬೈಂಡರಕ್ಕ, ಮುದ್ರಣಯಂತ್ರದ ಪಕ್ಕ ನಿಂತು ನಿಂತು ಕಿವಿ ಮಂದವಾದ ಮೆಷಿನಣ್ಣ, ಅಕ್ಷರ ಜೋಡಿಸುತ್ತಿದ್ದ ಕಂಪೋಸಿಟರ್, ಮತ್ತೆ ಮೇಷ್ಟ್ರು. ಜಾಗ ಹುಡುಕುವ ಕೆಲಸವನ್ನು ಮೇಷ್ಟ್ರೇ ಮೈಮೇಲೆ ಎಳೆದುಕೊಂಡರು. ಬೆಳಗಿನ ತಿಂಡಿಯ ಹೊತ್ತಿಗೆ ಮೆಷಿನಣ್ಣ ಏಳುವುದಿಲ್ಲ, ಮಧ್ಯಾಹ್ನದ ಊಟವೆಂದರೆ ಬೈಂಡರಕ್ಕ ಮೊಮ್ಮಗಳನ್ನು ಬಿಟ್ಟು ಬರುವಂತಿಲ್ಲ. ಎರಡರ ನಡುವೆ ಬ್ರಂಚ್ ಇಟ್ಟುಕೊಳ್ಳಿ ಎಂದು ಮಗಳು ದಾರಿ ತೋರಿಸಿದಳು. ಆ ಪದವನ್ನು ಮೇಷ್ಟ್ರು ಕೇಳಿದ್ದು ಅದೇ ಮೊದಲು. ತಿಂಡಿಯೂ ಅಲ್ಲದ, ಊಟವೂ ಅಲ್ಲದ ಈ ಎಡಬಿಡಂಗಿಗೆ ಹೆಸರು ಬೇರೆ ಕೇಡು ಎಂದು ಗೊಣಗಿ, ಕಾಗುಣಿತ ಕೇಳಿಕೊಂಡು ಬರೆದಿಟ್ಟರು.

ಒಂದು ವಾರ ಊರೆಲ್ಲ ಸುತ್ತಿದರು. ಮೊದಲನೆಯ ಹೋಟೆಲಿಗೆ ಹದಿನಾರು ಮೆಟ್ಟಿಲು, ಬೈಂಡರಕ್ಕನ ಮಂಡಿಗೆ ಆಗದ ಮಾತು. ಎರಡನೆಯದರಲ್ಲಿ ಹಾಡಿನ ಅಬ್ಬರಕ್ಕೆ ಲೋಟ ನಡುಗುತ್ತಿತ್ತು. ಮೂರನೆಯದರಲ್ಲಿ ಮೆನು ಕಾರ್ಡು ತೆರೆದರೆ ‘ಬೆಣ್ಣೆ ಹಚ್ಚಿದ ಬ್ರೆಡ್ಡು’ ಎನ್ನುವುದರ ಬದಲು ‘ಬಣ್ಣ ಹಚ್ಚಿದ ಬ್ರೆಡ್ಡು’ ಎಂದಿತ್ತು. ಮೇಷ್ಟ್ರು ಕೆಂಪು ಪೆನ್ನು ತೆಗೆದು ಇಡೀ ಕಾರ್ಡಿನಲ್ಲಿ ಹನ್ನೊಂದು ತಪ್ಪು ತಿದ್ದಿದರು. ಯಾರೋ ತಪಾಸಣೆಯ ಅಧಿಕಾರಿ ಬಂದಿದ್ದಾರೆಂದು ಮ್ಯಾನೇಜರ್ ಹೆದರಿ, ಕೈಯಾರೆ ಕಾಫಿ ತಂದಿಟ್ಟು ಕೈಕಟ್ಟಿ ನಿಂತ. ಅವನ ಆ ಒಂದು ತಪ್ಪನ್ನು ಮಾತ್ರ ಮೇಷ್ಟ್ರು ತಿದ್ದಲಿಲ್ಲ. ಕಾಫಿ ಚೆನ್ನಾಗಿತ್ತು.

ಮಂಡಿ, ಕಿವಿ, ಕಾಗುಣಿತ, ಇವೆಲ್ಲ ಹೇಳಿಕೊಳ್ಳುವುದಕ್ಕೆ ಕಾರಣಗಳು. ನಿಜವಾಗಿ ಅವರಿಗೆ ಬೇಕಾಗಿದ್ದು ಒಂದು ಮೂಲೆ. ಕಂಪೋಸಿಟರ್ ಜೊತೆ ಎರಡು ಮಾತು ಆಡಬೇಕು, ಅದು ಪಕ್ಕದ ಕುರ್ಚಿಗೂ ಕೇಳಿಸಬಾರದು. ಆರು ವರ್ಷದಿಂದ ಅವರಿಬ್ಬರಿಗೆ ಮಾತಿಲ್ಲ.

ಆರು ವರ್ಷದ ಹಿಂದೆ ಪ್ರೆಸ್ಸಿಗೆ ಒಂದು ಸಂಘದ ಸ್ಮರಣ ಸಂಚಿಕೆಯ ಕೆಲಸ ಬಂದಿತ್ತು. ಅದರಲ್ಲೊಂದು ಪುಟದಲ್ಲಿ ‘ದುರದೃಷ್ಟ’ ಎನ್ನುವುದು ‘ದೂರದೃಷ್ಟ’ ಎಂದಾಗಿತ್ತು, ಮೇಷ್ಟ್ರು ತಿದ್ದಿದರು. ಕೈ ಓಡುತ್ತಿತ್ತು. ಮುಂದಿನ ಪುಟದಲ್ಲಿ ‘ಸಂಘ ಇಂದು ಈ ಸ್ಥಿತಿಗೆ ಬಂದಿರುವುದಕ್ಕೆ ಅಧ್ಯಕ್ಷರ ದೂರದೃಷ್ಟಿಯೇ ಕಾರಣ’ ಎಂದಿತ್ತು. ಅದನ್ನೂ ತಿದ್ದಿಬಿಟ್ಟರು. ಅಧ್ಯಕ್ಷರ ದುರದೃಷ್ಟವೇ ಕಾರಣವೆಂದು ಎರಡು ಸಾವಿರ ಪ್ರತಿ ಅಚ್ಚಾಯಿತು. ಅಧ್ಯಕ್ಷರು ಬಂದು ಪ್ರೆಸ್ಸಿನ ಸೂರು ಹಾರಿಹೋಗುವಂತೆ ಕೂಗಾಡಿದರು. ಇದು ಯಾರ ಕೆಲಸ ಎಂದು ಮಾಲೀಕರು ಎಲ್ಲರೆದುರು ಕೇಳಿದಾಗ ಮೇಷ್ಟ್ರ ಬಾಯಿಂದ ಬಂದದ್ದು, ಜೋಡಿಸುವಾಗ ಆಗಿರಬೇಕು, ಎಂಬ ಮಾತು. ಕೆಂಪು ಗುರುತಿದ್ದ ಕರಡಿನ ಹಾಳೆ ಆ ಹೊತ್ತಿಗಾಗಲೇ ಅವರ ಚೀಲ ಸೇರಿತ್ತು. ಕಂಪೋಸಿಟರ್ ಮೇಷ್ಟ್ರ ಮುಖವನ್ನೇ ನೋಡಿದರು. ಮಾರನೆಯ ದಿನದಿಂದ ಅವರನ್ನು ಕಟ್ಟು ಕಟ್ಟುವ ಕೋಣೆಗೆ ಹಾಕಿದರು. ಮೂವತ್ತು ವರ್ಷ ಅಕ್ಷರ ಮುಟ್ಟಿದ ಕೈಗೆ ಹುರಿ ಬಂತು.

ಹಾಳೆ ಇನ್ನೂ ಮೇಷ್ಟ್ರ ಬೀರುವಿನಲ್ಲಿತ್ತು. ಊರಿನ ತಪ್ಪನ್ನೆಲ್ಲ ತಿದ್ದುವ ಮಹಾಶಯರಿಗೆ ತಮ್ಮದೊಂದನ್ನು ಹರಿದು ಬಿಸಾಡುವ ಧೈರ್ಯವೂ ಇಲ್ಲ, ಹೊರಗೆ ತೆಗೆಯುವ ಧೈರ್ಯವೂ ಇಲ್ಲ. ಯಾವ ಕೂಟಕ್ಕೂ ಬಾರದ ಕಂಪೋಸಿಟರ್ ಈ ಸಲ ಬರುತ್ತೇನೆಂದು ಬೈಂಡರಕ್ಕನಿಗೆ ಹೇಳಿದ್ದಾರೆ ಎಂದು ತಿಳಿದಾಗ, ಈ ಭಾನುವಾರ ಬಿಟ್ಟರೆ ಇನ್ನಿಲ್ಲ ಎಂದು ಅವರಿಗೆ ಅನ್ನಿಸಿತು.

ಕೊನೆಗೆ ಸಿಕ್ಕಿದ್ದು ಕಿಟಕಿ ಎಂಬ ಹೆಸರಿನ ಹೋಟೆಲು. ಮೆಟ್ಟಿಲಿಲ್ಲ, ಹಾಡಿಲ್ಲ, ಕಂಬದ ಹಿಂದೆ ಒಂದು ಮೇಜು. ಮೆನು ಕಾರ್ಡನ್ನು ಎರಡು ಸಲ ಓದಿದರೂ ತಪ್ಪು ಸಿಗದೆ ಸ್ವಲ್ಪ ಬೇಸರವೇ ಆಯಿತು. ಕಾರ್ಡಿನ ಕೆಳಗೆ, ಬಸ್ ನಿಲ್ದಾಣದ ಎದುರು ನಮ್ಮ ಇನ್ನೊಂದು ಬ್ರಾಂಚ್ ಇದೆ ಎಂದು ಬರೆದಿತ್ತು. ಅದನ್ನೂ ಓದಿದರು, ಮರೆತರು.

ಮನೆಗೆ ಬಂದು ಮೂವರಿಗೂ ಮೆಸೇಜು ಟೈಪು ಮಾಡಿದರು: ‘ಭಾನುವಾರ ಹತ್ತೂವರೆಗೆ ಕಿಟಕಿ ಹೋಟೆಲಿನ ಬ್ರಂಚಿಗೆ ಬನ್ನಿ.’ ಕಳಿಸುವ ಮೊದಲು ಪದ್ಧತಿಯಂತೆ ಮೂರು ಸಲ ಓದಿದರು. ಮೂರನೆಯ ಸಲ ಕಣ್ಣು ತಡೆಯಿತು. ಬ್ಯಾಂಕುಗಳ ವರದಿಯಲ್ಲಿ ಇಳಿ ಬಿಟ್ಟುಹೋದ ಆ ಪದವನ್ನು ಅವರು ಸಾವಿರ ಸಲ ತಿದ್ದಿದ್ದರು. ಈಗಲೂ ಇಳಿ ಕೊಟ್ಟರು. ‘ಬ್ರಾಂಚಿಗೆ ಬನ್ನಿ.’ ತಪ್ಪೊಂದು ತಪ್ಪಿತೆಂದು ಖುಷಿಯಾಗಿ ಕಳಿಸಿ, ಎದೆಯುಬ್ಬಿಸಿ ಮಲಗಿದರು.

ಭಾನುವಾರ ಹತ್ತೂಕಾಲಿಗೇ ಹೋಗಿ ಕಂಬದ ಹಿಂದಿನ ಮೇಜು ಹಿಡಿದರು. ಜೇಬಿನಲ್ಲಿ ಹಾಳೆ. ಹತ್ತೂವರೆಯಾಯಿತು, ಹತ್ತೂಮುಕ್ಕಾಲಾಯಿತು. ಖಾಲಿ ಕುರ್ಚಿಗಳು ಮೂರು. ಮೂವರೂ ಸೇರಿ ತನಗೆ ಬುದ್ಧಿ ಕಲಿಸುತ್ತಿದ್ದಾರೆ, ತಾನು ಅದಕ್ಕೆ ಲಾಯಕ್ಕು ಎಂದು ಅವರು ತೀರ್ಪು ಕೊಟ್ಟುಕೊಳ್ಳುವ ಹೊತ್ತಿಗೆ ಬೈಂಡರಕ್ಕನ ಫೋನು ಬಂತು. ಹಿಂದೆ ಹಾಡು ಕಿರುಚುತ್ತಿತ್ತು. ತಾನೂ ಮೆಷಿನಣ್ಣನೂ ಬಸ್ ನಿಲ್ದಾಣದ ಬ್ರಾಂಚಿನಲ್ಲಿ ಅರ್ಧ ಗಂಟೆಯಿಂದ ಕೂತಿದ್ದೇವೆ, ಬ್ರಾಂಚಿಗೆ ಬನ್ನಿ ಎಂದು ಕರೆದು ನೀವೆಲ್ಲಿ ಹೋದಿರಿ ಎಂದು ಅಕ್ಕ ಕೇಳಿದರು. ಮೇಷ್ಟ್ರು ತಾವು ಕಳಿಸಿದ್ದನ್ನು ತೆರೆದು ನೋಡಿದರು. ಇಳಿ ಅಲ್ಲೇ ನೆಟ್ಟಗೆ ನಿಂತಿತ್ತು. ಕಂಪೋಸಿಟರ್ ಅಲ್ಲಿದ್ದಾರಾ ಎಂದು ಕೇಳಿದರು. ಬಂದಿಲ್ಲ ಎಂದರು ಅಕ್ಕ.

ಮೇಷ್ಟ್ರು ಫೋನು ಜೇಬಿಗೆ ಹಾಕಿಕೊಂಡರು. ಇನ್ನು ಏಳೋಣವೆಂದು ಕುರ್ಚಿ ಸರಿಸುವಾಗ ಬಾಗಿಲಲ್ಲಿ ಕಂಪೋಸಿಟರ್ ಕಂಡರು. ನೇರವಾಗಿ ಕಂಬದ ಹಿಂದಕ್ಕೇ ಬಂದು ಕೂತರು.

“ನೀವು ಬ್ರಾಂಚಿಗೆ ಹೋಗ್ಲಿಲ್ವಾ?” ಎಂದು ಮೇಷ್ಟ್ರು ತೊದಲಿದರು. ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

“ಹೊರಟಿದ್ದೆ. ಬಸ್ಸಲ್ಲಿ ಇನ್ನೊಂದ್ಸಲ ಓದಿದೆ. ಹತ್ತೂವರೆ ಅಂದ್ರೆ ಬ್ರಂಚು. ಇಳಿ ನಿಮ್ದು ಅಂತ ಗೊತ್ತಾಯ್ತು. ಮುಂದಿನ ಸ್ಟಾಪಲ್ಲಿ ಇಳಿದ್ಬಿಟ್ಟೆ.”

ಮೇಷ್ಟ್ರಿಗೆ ನಗು ಬರಲಿಲ್ಲ, ಅಳು ಬಂತು. ಜೇಬಿನಿಂದ ಹಾಳೆ ತೆಗೆದು ಬಿಡಿಸಿ ಮೇಜಿನ ಮೇಲಿಟ್ಟರು. ಕಂಪೋಸಿಟರ್ ಕನ್ನಡಕ ಹಾಕಿಕೊಂಡು ಕೆಂಪು ಗುರುತನ್ನು ಬೆರಳಲ್ಲಿ ಮುಟ್ಟಿದರು.

“ನೀವು ಜೋಡಿಸಿದ್ದು ಸರಿ ಇತ್ತು,” ಎಂದರು ಮೇಷ್ಟ್ರು. “ಕೆಡಿಸಿದ್ದು ನಾನು.”

“ಅದು ನಂಗೆ ಅವತ್ತೇ ಗೊತ್ತಿತ್ತು. ನೀವೇ ಹೇಳ್ತೀರಿ ಅಂತ ಕಾದೆ.” ಅವರು ಹಾಳೆಯನ್ನು ಮಡಚಿ ವಾಪಸು ಮೇಷ್ಟ್ರ ಕೈಗೆ ಕೊಟ್ಟರು. “ಅವತ್ತು ಎಲ್ಲರ ಮುಂದೆ ನನ್ನ ಮೇಲೆ ಹಾಕಿದ್ರಿ. ಇವತ್ತು ಮೂಲೇಲಿ ಹೇಳಿದ್ರೆ ಹೇಗೆ ಮೇಷ್ಟ್ರೇ? ಏಳಿ, ಬ್ರಾಂಚಿಗೆ ಹೋಗೋಣ.”

ಒಂದು ವಾರ ಅಲೆದು ಹುಡುಕಿದ ಮೂಲೆ ಅಲ್ಲೇ ಉಳಿಯಿತು. ಬ್ರಾಂಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಡಿನ ಪೆಟ್ಟಿಗೆ ಮೆಷಿನಣ್ಣನ ತಲೆಯ ಮೇಲೇ ಇತ್ತು. ಮೇಷ್ಟ್ರು ಕೂರದೆ, ಹಾಳೆ ಬಿಡಿಸಿ ಹಿಡಿದು, ಹೇಳಬೇಕಾದ್ದನ್ನು ಹೇಳಿದರು. ಬೈಂಡರಕ್ಕ ಕಪ್ಪು ಕೆಳಗಿಟ್ಟರು. ಮೆಷಿನಣ್ಣ ಕಿವಿಗೆ ಕೈ ಅಡ್ಡ ಹಿಡಿದು ಏನು ಎಂದರು. ಮೇಷ್ಟ್ರು ಜೋರಾಗಿ ಹೇಳಿದರು. ಮೆಷಿನಣ್ಣ ಮತ್ತೆ ಏನು ಎಂದರು. ಮೂರನೆಯ ಸಲ ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು. “ಅವತ್ತು ತಪ್ಪು ಮಾಡಿದ್ದು ನಾನು. ಇವರಲ್ಲ.”

ಸುತ್ತಲಿನ ಮೇಜಿನವರೆಲ್ಲ ತಿನ್ನುವುದು ಬಿಟ್ಟು ಅವರನ್ನೇ ನೋಡಿದರು. ಕಂಪೋಸಿಟರ್ ತಮ್ಮ ಪಕ್ಕದ ಕುರ್ಚಿ ಎಳೆದರು.

“ಕೂತ್ಕೊಳ್ಳಿ ಮೇಷ್ಟ್ರೇ,” ಎಂದರು. “ಎಲ್ಲರಿಗೂ ಕೇಳಿಸ್ತು.”