ಕ್ಯಾಮೆರಾದೊಳಗೆ ಅತ್ತೆಯ ಕಂಬಳಿ ಎಳೆ

ನಿಮ್ಮ ಕರಿ ಕಂಬಳಿಯಿಂದ ಒಂದು ಎಳೆ ಕೊಡುತ್ತೀರಾ ಎಂದು ಅತ್ತೆಯನ್ನು ಕೇಳಿದೆ. ನನ್ನ ಕ್ಯಾಮೆರಾಗೆ ಬೇಕಿತ್ತು.

ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಕ್ಯಾಮೆರಾಕ್ಕ ಕಂಬಳಿ ದಾರ ಯಾಕ? ಅದಕ್ಕೂ ಥಂಡಿ ಹತ್ತೈತೇನು?”

ನನ್ನದು ಹಳೆಯ ಫಿಲ್ಮ್ ಎಸ್‌ಎಲ್‌ಆರ್. ಕೊಪ್ಪಳದಲ್ಲಿ ಒಬ್ಬರು ಸ್ಟುಡಿಯೋ ಮುಚ್ಚುವಾಗ ಅವರಿಂದ ಕೊಂಡಿದ್ದು. ರೋಲ್ ಹಾಕಬೇಕು, ಕೈಯಿಂದಲೇ ಫೋಕಸ್ ತಿರುಗಿಸಬೇಕು, ಫೋಟೋ ಹೇಗೆ ಬಂದಿದೆ ಎಂದು ತಿಳಿಯಲು ಬೆಂಗಳೂರಿನ ಲ್ಯಾಬ್‌ಗೆ ಕೊರಿಯರ್ ಮಾಡಿ ಕಾಯಬೇಕು.

ಕುಷ್ಟಗಿಯಲ್ಲಿ ಇಂಥದ್ದನ್ನು ಹೆಗಲಿಗೆ ಹಾಕಿಕೊಂಡು ತಿರುಗುವ ಹೈಸ್ಕೂಲ್ ಟೀಚರ್ ನಾನೊಬ್ಬಳೇ ಇರಬೇಕು. ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆದರೆ ಹೋದ ವರ್ಷ ಮೈದುನನ ಮಗನನ್ನು ತೊಟ್ಟಿಲಿಗೆ ಹಾಕಿದಾಗ ತೆಗೆದ ರೋಲ್ ಪೂರ್ತಿ ಕೆಟ್ಟಿತು. ಪ್ರತಿ ಫೋಟೋದಲ್ಲೂ ಅಡ್ಡಡ್ಡ ಒಂದು ಕೇಸರಿ ಪಟ್ಟೆ. ಒಂದರಲ್ಲಂತೂ ಅದು ಸರಿಯಾಗಿ ಅತ್ತೆಯ ಮುಖದ ಮೇಲೆಯೇ ಹಾದುಹೋಗಿತ್ತು.

“ನನ್ನ ಮಾರಿಗೆ ಬೆಂಕಿ ಹಚ್ಯಾಳ ನೋಡ್ರಿ ನಮ್ಮ ಸೊಸಿ” ಎಂದು ಮನೆಗೆ ಬಂದವರಿಗೆಲ್ಲ ತೋರಿಸಿದರು. ಎಲ್ಲರ ಜೊತೆ ನಾನೂ ನಕ್ಕೆ.

ಇಷ್ಟಾದರೂ ನಾದಿನಿ ಗೀತಾ ತನ್ನ ಕುಬಸಕ್ಕೆ ಬೇರೆ ಫೋಟೋಗ್ರಾಫರ್ ಬೇಡವೆಂದು ಹಟ ಹಿಡಿದಳು. “ವೈನಿ, ನೀವ ತೆಗೀರಿ. ಫೋನಿನ್ಯಾಗ ತೆಗದದ್ದು ಯಾರು ನೋಡ್ತಾರ ಆಮ್ಯಾಲ?”

ಚೊಚ್ಚಲ ಬಸುರಿ. ಹಸಿರು ಸೀರೆ ಉಡಿಸಿ, ಕಂಬಳಿಯ ಮೇಲೆ ಕೂರಿಸಿ, ಉಡಿ ತುಂಬುವ ದಿನ. ಈ ಸಲವೂ ಪಟ್ಟೆ ಬಂದರೆ ಗೀತಾಳ ಕುಬಸವೂ ಹೋಯಿತು, ನನ್ನ ಮಾನವೂ ಹೋಯಿತು.

ತಪ್ಪು ಎಲ್ಲಿದೆ ಎಂದು ಹುಡುಕಿದೆ. ಕ್ಯಾಮೆರಾದ ಹಿಂಬಾಗಿಲು ಕೂರುವ ಸಣ್ಣ ಸಂದಿಯಲ್ಲಿ, ಬೆಳಕು ಒಳಗೆ ಬರದಂತೆ ಕಪ್ಪು ಸ್ಪಂಜು ಅಂಟಿಸಿರುತ್ತಾರೆ. ನನ್ನದರಲ್ಲಿ ಅದು ಕರಗಿ ಹಳೆ ಬೆಲ್ಲದ ಹಾಗೆ ಅಂಟಂಟಾಗಿತ್ತು.

ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ತಾಳ್ಮೆಯಿಂದ ಎಲ್ಲವನ್ನೂ ಒರೆಸಿ ತೆಗೆದೆ. ಸ್ಪಂಜಿನ ಬದಲು ಕಪ್ಪು ಉಲನ್ ದಾರ ಕೂರಿಸಬಹುದು ಎಂದು ಓದಿದ್ದೆ. ಅಂಗಡಿಯ ಉಲನ್ ತಂದರೆ ದಪ್ಪವಾಗಿ ಬಾಗಿಲು ಮುಚ್ಚಲಿಲ್ಲ. ಹೊಲಿಗೆ ದಾರ ತೀರಾ ಸಣ್ಣದಾಯಿತು.

ಆಗ ಕಣ್ಣಿಗೆ ಬಿದ್ದದ್ದೇ ಅತ್ತೆಯ ಕಂಬಳಿ. ಕರಿ ಕುರಿಯ ಉಣ್ಣೆ, ಬಣ್ಣ ಹಾಕಿದ್ದಲ್ಲ, ಹೊಳಪಿಲ್ಲ, ಒತ್ತಿದರೆ ಒತ್ತಿಕೊಳ್ಳುತ್ತದೆ. ಆ ಸಂದಿಗೆ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ಅದು ಹನುಮಸಾಗರದ ಅವರ ತವರಿನಿಂದ ಬಂದದ್ದು. ಗೀತಾ ಕೂರಬೇಕಾದದ್ದೂ ಅದರ ಮೇಲೆಯೇ.

“ನಮ್ಮವ್ವ ಕೊಟ್ಟದ್ದದು. ಕೈ ಹಚ್ಚಬ್ಯಾಡ” ಎಂದರು ಅತ್ತೆ. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮರುದಿನ ನಾನು ಕ್ಯಾಮೆರಾದ ಬಾಗಿಲು ತೆಗೆದು ಕೂತಿದ್ದಾಗ ತಾವಾಗಿಯೇ ಪಕ್ಕಕ್ಕೆ ಬಂದು ಕೂತರು. ಆ ಕೆಟ್ಟ ಫೋಟೋ ತಂದು, ಬೆಳಕು ಎಲ್ಲಿಂದ ನುಸುಳಿ ಅವರ ಮುಖದ ಮೇಲೆ ಬಿತ್ತು ಎಂದು ತೋರಿಸಿದೆ.

ಕನ್ನಡಕ ಏರಿಸಿ ನೋಡಿದರು. “ಇಷ್ಟ ಸಂದ್ಯಾಗಿಂದ ಬಂದು ನನ್ನ ಮಾರಿ ಸುಟ್ಟಿತಾ?”

ಹೌದ್ರಿ ಅತ್ತಿ ಅಂದೆ.

ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಕಂಬಳಿ ಮತ್ತು ಕತ್ತರಿ. ಮೂಲೆಯ ಕುಚ್ಚು ಬಿಚ್ಚಿ ಉದ್ದದ ಎಳೆಯೊಂದನ್ನು ತಾವೇ ಕತ್ತರಿಸಿ ನನ್ನ ಅಂಗೈಯಲ್ಲಿಟ್ಟರು.

“ಒಂದ ಒಂದ ಫೋಟೋ ಕೆಡ್ತಂದ್ರ ನನ್ನ ದಾರ ನನಗ ವಾಪಸ್ ಕೊಡಬೇಕು, ನೋಡು.”

ಸೂಜಿಯ ತುದಿಯಿಂದ ಒತ್ತಿ ಒತ್ತಿ ಎಳೆಯನ್ನು ಸಂದಿಯಲ್ಲಿ ಕೂರಿಸಿದೆ. ತುದಿಗಳಿಗಷ್ಟೇ ಚೂರು ಅಂಟು. ಬಾಗಿಲು ಟಕ್ ಎಂದು ಮುಚ್ಚಿಕೊಂಡಿತು... ಆ ಸದ್ದು ಕೇಳಿ ನಾನು ಒಬ್ಬಳೇ ನಕ್ಕೆ.

ಪರೀಕ್ಷೆ ಮಾಡಿ ನೋಡಲು ಇನ್ನೊಂದು ರೋಲ್ ಇರಲಿಲ್ಲ. ಕುಬಸವೇ ಪರೀಕ್ಷೆ.

ಆ ದಿನ ಅಂಗಳದಲ್ಲಿ ಪೆಂಡಾಲು, ಎಲ್ಲರ ಕೈಯಲ್ಲೂ ಫೋನು. ಕ್ಯಾಮೆರಾದ ಲೈಟ್ ಮೀಟರ್ ಕೆಟ್ಟು ಎಷ್ಟೋ ಕಾಲವಾಗಿದೆ, ನೆರಳು ಬಿಸಿಲು ನೋಡಿ ಅಂದಾಜಿನ ಮೇಲೆಯೇ ತೆಗೆಯುತ್ತೇನೆ. ನಮ್ಮೂರ ಬಿಸಿಲಿನ ಅಂದಾಜು ನನಗೆ ಚೆನ್ನಾಗಿಯೇ ಇದೆ.

ಬೀಗರ ಕಡೆಯ ಒಬ್ಬರು ಕ್ಯಾಮೆರಾ ತಿರುಗಿಸಿ ನೋಡಿ, “ಹಿಂದ ಏನೂ ಕಾಣವಲ್ದಲ್ರಿ ಟೀಚರ್?” ಎಂದರು.

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಹೇಳಿದರು, “ಕಾಣಬಾರ್ದು ಅಂತನ ನಮ್ಮ ಕಂಬಳಿ ದಾರ ಹಾಕ್ಯಾಳ್ರಿ.”

ಆಮೇಲೆ ಕಾಯುವ ದಿನಗಳು. ಗೀತಾ ದಿನಾ ಫೋನ್ ಮಾಡಿ ಕೇಳುತ್ತಿದ್ದಳು, ಅತ್ತೆ ಏನೂ ಕೇಳುತ್ತಿರಲಿಲ್ಲ. ಅವರು ಕೇಳದಿರುವುದಕ್ಕೇ ನನಗೆ ಹೆಚ್ಚು ಭಯ.

ನಿನ್ನೆ ಸಂಜೆ ಪ್ರಿಂಟ್‌ಗಳ ಕವರ್ ಬಂತು. ನಾನು ತೆರೆಯಲಿಲ್ಲ, ಅತ್ತೆಯ ಕೈಗೇ ಕೊಟ್ಟೆ.

ಒಂದೊಂದಾಗಿ ನೋಡುತ್ತಿದ್ದಾರೆ. ನಾನು ಅವರ ಹೆಗಲ ಮೇಲಿನಿಂದ ಇಣುಕುತ್ತಿದ್ದೇನೆ. ಹಸಿರು ಸೀರೆ, ಹಸಿರು ಬಳೆ, ಉಡಿಯಲ್ಲಿ ಕಾಯಿ, ಗೀತಾಳ ಅರ್ಧ ನಾಚಿಕೆ ಅರ್ಧ ನಗು... ಎಲ್ಲಿಯೂ ಪಟ್ಟೆ ಇಲ್ಲ. ಒಂದರಲ್ಲಿಯೂ ಇಲ್ಲ!

ಕೊನೆಯ ಫೋಟೋದಲ್ಲಿ ಅತ್ತೆ ಬಾಗಿ ಮಗಳಿಗೆ ಕುಂಕುಮ ಹಚ್ಚುತ್ತಿದ್ದಾರೆ. ಅವರ ಮುಖ ಅಷ್ಟು ಸ್ವಚ್ಛವಾಗಿ ಬಂದಿದೆ. ಕೆಳಗೆ ಕಂಬಳಿಯ ಮೂಲೆಯಲ್ಲಿ ಒಂದು ಕುಚ್ಚು ಕಡಿಮೆ ಇರುವುದೂ ಕಾಣುತ್ತಿದೆ.

ಅತ್ತೆ ಆ ಮೂಲೆಯ ಮೇಲೆ ಬೆರಳಿಟ್ಟರು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. “ದಾರ ವಾಪಸ್ ಕೊಡ್ಲೇನ್ರಿ ಅತ್ತಿ?” ಎಂದು ಕೆಣಕಿದೆ.

“ಅಲ್ಲೇ ಇರ್ಲಿ ಬಿಡು” ಎಂದರು. “ಗೀತಾನ ಕೂಸಿನ ತೊಟ್ಲಕ್ಕ ಫೋಟೋ ತೆಗಿಯಾಕ ಬೇಕಾಗ್ತೈತಿ.”

ನಿಮ್ಮ ಅತ್ತೆಯಿಂದ ಇಂಥ ಸರ್ಟಿಫಿಕೇಟ್ ನಿಮಗೆ ಯಾರಿಗಾದರೂ ಸಿಕ್ಕಿದೆಯಾ?